ಸಾವಯವ ಅನ್ನಿಸಿಕೊಳ್ಳಲು ನನಗೆ ಹಿಡಿದ 36 ತಿಂಗಳು

ಔಷಧಿ ಹೊಡೆಯುವುದು ಬಿಟ್ಟ ದಿನವೇ ನಾನು ಸಾವಯವ ರೈತನಾದೆ ಅಂದುಕೊಂಡಿದ್ದೆ. ಮೊದಲ ಫಸಲು ಕೊಳ್ಳಲು ಬಂದವರು ಕೇಳಿದ್ದು ಒಂದೇ ಮಾತು: 'ಸರ್ಟಿಫಿಕೇಟ್ ಇದೆಯಾ?' ಇರಲಿಲ್ಲ. ಮಾಮೂಲಿ ದರಕ್ಕೇ ಕೊಟ್ಟೆ.

ಆಮೇಲೆ ಕೂತು ನಿಯಮ ಓದಿದೆ. ಯುರೋಪಿನ ನಿಯಮದಂತೆ ಒಂದು ವರ್ಷದೊಳಗೆ ಮುಗಿಯುವ ಬೆಳೆಗೆ ಬಿತ್ತನೆಗೆ ಮುಂಚೆ 2 ವರ್ಷ, ಹಣ್ಣಿನ ಗಿಡಗಳಿಗೆ ಕೊಯ್ಲಿಗೆ ಮುಂಚೆ 3 ವರ್ಷ ಹೊಲ ಪರಿವರ್ತನೆಯಲ್ಲಿರಬೇಕು, ಅಂದರೆ ರಾಸಾಯನಿಕ ಹಾಕದೆ ಸಾವಯವ ರೀತಿಯಲ್ಲೇ ನಡೆಯಬೇಕು. ಅಮೆರಿಕದ ನಿಯಮದಲ್ಲಿ ಕೊನೆಯ ಸಲ ರಾಸಾಯನಿಕ ಹಾಕಿದ ದಿನದಿಂದ ಕೊಯ್ಲಿನವರೆಗೆ 36 ತಿಂಗಳು. ನಾನು ಈ 36ನ್ನೇ ಹಿಡಿದೆ, ಎಲ್ಲ ಕಡೆಗೂ ಆಗುತ್ತದಲ್ವಾ ಅಂತ.

ಈ ಅವಧಿಯೇ ನಿಜವಾಗಿ ಸುಸ್ತು ಮಾಡುವುದು. ಕಳೆ ಕೀಳುವ ಕೂಲಿ ಜಾಸ್ತಿ, ಇಳುವರಿ ಕಡಿಮೆ, ದರ ಮಾತ್ರ ಹಳೆಯದೇ. ಇಡೀ ಹೊಲವನ್ನು ಒಂದೇ ಸಲ ಬದಲಾಯಿಸದೆ ಮೂರು ಭಾಗ ಮಾಡಿಕೊಂಡಿದ್ದರಿಂದ ಉಳಿದುಕೊಂಡೆ. ಅದರಲ್ಲೂ ಒಂದು ತೊಡಕಿತ್ತು. ಬದಲಾಯಿಸಿದ ಭಾಗ, ಬದಲಾಯಿಸದ ಭಾಗ ಎರಡರಲ್ಲೂ ಒಂದೇ ಬೆಳೆ ಹಾಕಿದರೆ ಮಾಲು ಬೆರಕೆಯಾಗಿದೆ ಎಂಬ ಅನುಮಾನ ಬರುತ್ತದೆ. ಅದಕ್ಕೇ ಬೆಳೆ ಬೇರೆ, ಸ್ಪ್ರೇಯರ್ ಬೇರೆ, ದಾಸ್ತಾನು ಕೋಣೆಯೂ ಬೇರೆ ಮಾಡಿದೆ.

ಇಷ್ಟೆಲ್ಲ ಮಾಡಿಯೂ ಸಿಕ್ಕಿಬಿದ್ದದ್ದು ಚೀಲದಲ್ಲಿ! ಕೊಯ್ಲಾದ ಕಾಳನ್ನು ಹಳೇ ಯೂರಿಯಾ ಚೀಲಗಳಿಗೆ ತುಂಬಿಸಿದ್ದೆ. ತೊಳೆದ ಚೀಲ, ಏನಾಗುತ್ತೆ ಅಂತ ಸುಮ್ನೆ ಇದ್ದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಯಿಂದ ತಪಾಸಣೆಗೆ ಬಂದವರು ಹೊಲ ನೋಡುವ ಮುಂಚೆ ಆ ಕೋಣೆಗೇ ಹೋದರು. ಅಷ್ಟೂ ಮಾಲನ್ನು ಸಾವಯವ ಎಂದು ಮಾರುವ ಹಾಗಿಲ್ಲ ಅಂತ ಬರೆದುಕೊಂಡರು. ಬೇಜಾರಾಯಿತು, ಆದರೆ ತಪ್ಪು ನನ್ನದೇ.

ಅವರ ಕೆಲಸದಲ್ಲಿ ನನಗೆ ಹಿಡಿಸಿದ್ದು ಲೆಕ್ಕ. ಜಮೀನು ಎಷ್ಟು, ಬೀಜ ಎಷ್ಟು, ಬಂದದ್ದೆಷ್ಟು, ಮಾರಿದ್ದೆಷ್ಟು ಎಂದು ಒಂದಕ್ಕೊಂದು ತಾಳೆ ನೋಡುತ್ತಾರೆ. ಬೆಳೆದದ್ದಕ್ಕಿಂತ ಹೆಚ್ಚು ಮಾರಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ. ಮಾರುಕಟ್ಟೆಯಲ್ಲಿ ಸಾವಯವದ ಹೆಸರಲ್ಲಿ ನಡೆಯುವ ಮೋಸ ಹಿಡಿಯಲು ಪ್ರಯೋಗಾಲಯದ ಪರೀಕ್ಷೆಗಿಂತ ಈ ಕೂಡು-ಕಳೆಯೇ ವಾಸಿ ಅನ್ನಿಸುತ್ತದೆ ನನಗೆ. ಪರೀಕ್ಷೆ ತೋರಿಸುವುದು ಆ ಮಾದರಿಯಲ್ಲಿ ಏನಿದೆ ಎಂಬುದನ್ನಷ್ಟೇ.

ಗೊಬ್ಬರಕ್ಕೂ ಹೀಗೇ ಲೆಕ್ಕ. ತರಕಾರಿಗೆ ಹಸಿ ಸಗಣಿ ಗೊಬ್ಬರ ಹಾಕಿದರೆ, ತಿನ್ನುವ ಭಾಗ ಮಣ್ಣಿಗೆ ತಾಗುವಂತಿದ್ದಲ್ಲಿ ಕೊಯ್ಲಿಗೆ 120 ದಿನ ಅಂತರ ಬೇಕು ಎನ್ನುತ್ತದೆ ಅಮೆರಿಕದ ನಿಯಮ. ಕಾಯುವುದು ಬೇಡವೆಂದರೆ ಕಾಂಪೋಸ್ಟ್ ಮಾಡಬೇಕು. ಸಾಲಾಗಿ ಹಾಕಿದ ರಾಶಿ 15 ದಿನ 55ರಿಂದ 77 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿರಬೇಕು, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚಬೇಕು. ಉದ್ದನೆಯ ಥರ್ಮಾಮೀಟರ್ ಕೊಂಡೆ. ಕೈಯಿಟ್ಟು ಬಿಸಿ ನೋಡಿ ಹೇಳುತ್ತಿದ್ದೆನಲ್ಲ, ಆ ಅಂದಾಜು ಎಷ್ಟೋ ಸಲ ತಪ್ಪಿತ್ತು.

ಒಬ್ಬನೇ ಸರ್ಟಿಫಿಕೇಟಿನ ಶುಲ್ಕ ಕಟ್ಟುವುದು ಭಾರವಾದಾಗ ಅಕ್ಕಪಕ್ಕದ ರೈತರ ಜೊತೆ ಗುಂಪು ಸೇರಿದೆ. ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಖಾತರಿ ಕೊಡುವ ಪದ್ಧತಿ ಅದು. 1972ರಲ್ಲಿ ಹುಟ್ಟಿದ, ಸಾವಯವ ಕೃಷಿ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಫೋಮ್ ಇದನ್ನು ಬೆಂಬಲಿಸುತ್ತದೆ. ಹತ್ತಿರದ ಗ್ರಾಹಕರಿಗೆ ಇದು ಸಾಕು. ಅಮೆರಿಕ, ಯುರೋಪಿಗೆ ಮಾಲು ಕಳಿಸಲು ಮಾತ್ರ ಹೊರಗಿನ ಸಂಸ್ಥೆಯ ಸರ್ಟಿಫಿಕೇಟೇ ಬೇಕು.

ಮುಂದಿನ ವಾರ ಪರಿಶೀಲನೆಗೆ ಹೋಗುವ ಸರದಿ ನನ್ನದು. ಮೊದಲು ಚೀಲಗಳನ್ನೇ ನೋಡುತ್ತೇನೆ.