ಎಡಿ ಗೆರೆಯನ್ನು ಹೇಗೆ ಎಳೆಯಬೇಕು? ಸಮದ್ವಿಬಾಹು ತ್ರಿಭುಜದ ಪ್ರಮೇಯ, ಹಂತ ಹಂತವಾಗಿ

ಸಮದ್ವಿಬಾಹು ತ್ರಿಭುಜದಲ್ಲಿ ಸಮ ಬಾಹುಗಳಿಗೆ ಅಭಿಮುಖವಾದ ಕೋನಗಳು ಸಮ. ಒಂಬತ್ತನೇ ತರಗತಿಯ ಈ ಪ್ರಮೇಯವನ್ನು ಬಾಯಿಪಾಠ ಮಾಡಿದವರೂ ‘ರಚನೆ’ಯ (ಸಾಧನೆಗಾಗಿ ಹೆಚ್ಚಿಗೆ ಎಳೆಯುವ ಗೆರೆಯ) ಒಂದು ಸಾಲಿನಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಮೊದಲು ಚಿತ್ರ. ಎಬಿಸಿ ತ್ರಿಭುಜದಲ್ಲಿ ಎಬಿ, ಎಸಿ ಎರಡೂ 6 ಸೆಂ.ಮೀ., ಬಿಸಿ 4 ಸೆಂ.ಮೀ. ಇರಲಿ. ಮೂರೂ ಬಾಹು ಒಂದೇ ಅಳತೆಯಲ್ಲಿದ್ದರೆ, ದತ್ತದಲ್ಲಿ (ಕೊಟ್ಟ ಮಾಹಿತಿಯಲ್ಲಿ) ಇಲ್ಲದ್ದನ್ನೂ ಕಣ್ಣು ನಿಜವೆಂದು ನಂಬಿಬಿಡುತ್ತದೆ. ಸಮ ಬಾಹುಗಳ ಮೇಲೆ ಒಂದೊಂದು ಅಡ್ಡಗೀಟು ಹಾಕಿ. ಬಿ, ಸಿ ಕೋನಗಳಿಗೆ ಸದ್ಯಕ್ಕೆ ಗುರುತು ಬೇಡ.

ದತ್ತ: ಎಬಿ = ಎಸಿ. ಸಾಧನೀಯ (ಸಾಧಿಸಬೇಕಾದದ್ದು): ಕೋನ ಬಿ = ಕೋನ ಸಿ. ಈಗ ಸಾಧನೀಯದಿಂದ ಹಿಂದಕ್ಕೆ ಯೋಚಿಸಿ. ಎರಡು ಕೋನ ಸಮ ಎನ್ನಲು ಸರ್ವಸಮ (ಒಂದರ ಮೇಲೊಂದು ಸರಿಯಾಗಿ ಕೂರುವ) ತ್ರಿಭುಜಗಳು ಬೇಕು. ಇರುವುದು ಒಂದೇ ತ್ರಿಭುಜ. ಅದನ್ನು ಎರಡಾಗಿಸಲು ಎ ಯಿಂದ ಬಿಸಿ ಮೇಲಿನ ಡಿ ಬಿಂದುವಿಗೆ ಎಡಿ ಎಂಬ ಗೆರೆ ಎಳೆಯಬೇಕು.

ಹೇಗೆ ಎಳೆಯುವುದು? ‘ಎಡಿಯು ಕೋನ ಎ ಅನ್ನು ಅರ್ಧಿಸುವಂತೆಯೂ ಬಿಸಿಗೆ ಲಂಬವಾಗಿಯೂ ಎಳೆಯಿರಿ’ ಎಂದು ಬರೆದರೆ ಸಾಧನೆ ಅಲ್ಲೇ ಕೆಟ್ಟಿತು. ಕೋನಾರ್ಧಕ ಒಂದು ಗೆರೆ, ಲಂಬ ಇನ್ನೊಂದು ಗೆರೆ. ಇಲ್ಲಿ ಅವೆರಡೂ ಒಂದಾಗುತ್ತವೆ ಎನ್ನುವುದನ್ನೂ ಸಾಧಿಸಿಯೇ ತೋರಿಸಬೇಕು. ಹಾಗಾಗಿ ಒಂದು ಷರತ್ತನ್ನು ಮಾತ್ರ ಆರಿಸಿಕೊಳ್ಳಿ. ಸರ್ವಸಮತೆಯ ನಿಯಮ ಅದರಂತೆ ಬದಲಾಗುತ್ತದೆ: ಕೋನಾರ್ಧಕವಾದರೆ ಬಾ.ಕೋ.ಬಾ. (ಬಾಹು–ಕೋನ–ಬಾಹು), ಲಂಬವಾದರೆ ಲಂಬಕೋನ–ವಿಕರ್ಣ–ಬಾಹು (ವಿಕರ್ಣ ಎಂದರೆ ಲಂಬಕೋನದ ಎದುರಿನ ಬಾಹು), ಮಧ್ಯರೇಖೆಯಾದರೆ (ಡಿ ಬಿಸಿಯ ಮಧ್ಯಬಿಂದುವಾದರೆ) ಬಾ.ಬಾ.ಬಾ. ಮೂರೂ ಸರಿ, ಮೂರರಲ್ಲೂ ಎಡಿ ಉಭಯ ಸಾಮಾನ್ಯ ಬಾಹು. ಪ್ರತಿ ಸಾಲಿನ ಪಕ್ಕದಲ್ಲಿ ಕಾರಣವನ್ನು ಆವರಣದಲ್ಲಿ ಬರೆಯಿರಿ: (ದತ್ತ), (ರಚನೆ), (ಸಾಮಾನ್ಯ ಬಾಹು). ಕಾರಣ ಹೊಳೆಯದ ಸಾಲು ಬಂದರೆ, ತಪ್ಪು ಅಲ್ಲೇ ಅಡಗಿದೆ ಎಂದು ತಿಳಿಯಿರಿ. ಲಂಬ ಎಳೆದವರು ಅವಸರದಲ್ಲಿ ‘ಕೋನ ಬಿ = ಕೋನ ಸಿ’ ಎಂದು ಬರೆದು ಕೋ.ಕೋ.ಬಾ. (ಕೋನ–ಕೋನ–ಬಾಹು) ಬಳಸುವುದುಂಟು. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಹಿಡಿದರೆ ಅದು ಸಾಧನೆಯಾಗುವುದಿಲ್ಲ.

ನಿಜವಾದ ಪರೀಕ್ಷೆ ವಿಲೋಮದಲ್ಲಿದೆ, ಅಂದರೆ ದತ್ತ, ಸಾಧನೀಯಗಳನ್ನು ಅದಲುಬದಲು ಮಾಡಿದಾಗ. ಈಗ ದತ್ತ ಕೋನ ಬಿ = ಕೋನ ಸಿ, ಸಾಧನೀಯ ಎಬಿ = ಎಸಿ. ಕೋನಾರ್ಧಕ, ಲಂಬ ಎರಡೂ ಕೋ.ಕೋ.ಬಾ. ಮೂಲಕ ದಾರಿ ಕೊಡುತ್ತವೆ. ಮಧ್ಯರೇಖೆ ಮಾತ್ರ ಕೈಕೊಡುತ್ತದೆ: ಬಿಡಿ = ಸಿಡಿ, ಎಡಿ ಸಾಮಾನ್ಯ, ಕೋನ ಬಿ = ಕೋನ ಸಿ. ಎರಡು ಬಾಹು, ಒಂದು ಕೋನ ಸಿಕ್ಕವು ನಿಜ, ಆದರೆ ಆ ಕೋನ ಆ ಬಾಹುಗಳ ನಡುವೆ ಇಲ್ಲ.

ಅಷ್ಟು ಸಾಲದೇ ಎಂದು ಕೇಳುವವರು ಕೈವಾರ ಹಿಡಿಯಲಿ. ಪಿ ಬಿಂದುವಿನಿಂದ ಒಂದು ಕಿರಣ ಎಳೆದು, ಅದಕ್ಕೆ 30° ಕೋನದಲ್ಲಿ 8 ಸೆಂ.ಮೀ. ಉದ್ದದ ಪಿಕ್ಯೂ ಎಳೆಯಿರಿ. ಕ್ಯೂ ಕೇಂದ್ರವಾಗಿ 5 ಸೆಂ.ಮೀ. ತ್ರಿಜ್ಯದ ಕಂಸ ಹಾಕಿದರೆ ಅದು ಕಿರಣವನ್ನು ಎರಡು ಕಡೆ ಕತ್ತರಿಸುತ್ತದೆ. ಕ್ಯೂ ಯಿಂದ ಕಿರಣಕ್ಕಿರುವ ಲಂಬದೂರ 4 ಸೆಂ.ಮೀ., ಆದ್ದರಿಂದ ಕತ್ತರಿಸಿದ ಬಿಂದುಗಳು ಲಂಬಪಾದದ ಎರಡೂ ಬದಿಗೆ 3 ಸೆಂ.ಮೀ. ದೂರದಲ್ಲಿ ಬೀಳುತ್ತವೆ. 8 ಸೆಂ.ಮೀ., 5 ಸೆಂ.ಮೀ., 30° ಎಲ್ಲವೂ ಅವೇ, ಆದರೂ ತ್ರಿಭುಜಗಳು ಎರಡು! ಬಾ.ಬಾ.ಕೋ. (ಬಾಹು–ಬಾಹು–ಕೋನ) ಸರ್ವಸಮತೆಯ ನಿಯಮವಲ್ಲ ಎನ್ನಲು ಈ ಒಂದು ಚಿತ್ರ ಸಾಕು. ಪ್ರತಿ ತರಗತಿಯಲ್ಲೂ ಇದನ್ನು ಮಕ್ಕಳ ಕೈಯಿಂದಲೇ ಬರೆಸಬೇಕು.

ವಿಲೋಮಕ್ಕೂ ಮಧ್ಯರೇಖೆಯೇ ಬೇಕೆಂದರೆ ಇನ್ನೆರಡು ಗೆರೆ ಎಳೆಯಬೇಕು. ಡಿ ಯಿಂದ ಎಬಿಗೆ ಡಿಇ, ಎಸಿಗೆ ಡಿಎಫ್ ಲಂಬಗಳನ್ನು ಎಳೆಯಿರಿ. ಬಿಡಿಇ, ಸಿಡಿಎಫ್ ತ್ರಿಭುಜಗಳು ಕೋ.ಕೋ.ಬಾ. ಪ್ರಕಾರ ಸರ್ವಸಮ; ಹಾಗಾಗಿ ಡಿಇ = ಡಿಎಫ್, ಬಿಇ = ಸಿಎಫ್. ಎಡಿಇ, ಎಡಿಎಫ್ ತ್ರಿಭುಜಗಳು ಲಂಬಕೋನ–ವಿಕರ್ಣ–ಬಾಹು ಪ್ರಕಾರ ಸರ್ವಸಮ; ಎಇ = ಎಎಫ್. ಎರಡನ್ನೂ ಕೂಡಿಸಿದರೆ ಎಬಿ = ಎಸಿ.