ಇಂಗ್ಲಿಷ್ ನುಡಿಗಟ್ಟು: ಪಟ್ಟಿ ಬಿಡಿ, ಚಿತ್ರ ಹಿಡಿಯಿರಿ

ಕನ್ನಡ ಮಾಧ್ಯಮದಲ್ಲಿ ಓದಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಕುಳಿತುಕೊಳ್ಳುವ ಕರಾವಳಿಯ ಯುವಕ ಯುವತಿಯರಿಗೆ ಇಂಗ್ಲಿಷ್ ವಿಭಾಗದಲ್ಲಿ ಬೇಗ ಅಂಕ ತಂದುಕೊಡಬಲ್ಲವು ನುಡಿಗಟ್ಟುಗಳು. ಹಾಗಿದ್ದೂ ಅನೇಕರು ಹೆದರಿ ಬದಿಗಿಡುವುದು ಅವನ್ನೇ. ಗದ್ಯಭಾಗವನ್ನು ಎರಡು ಸಲ ಓದಬೇಕು, ವ್ಯಾಕರಣಕ್ಕೆ ನಿಯಮ ನೆನಪಾಗಬೇಕು. ನುಡಿಗಟ್ಟು ಗೊತ್ತಿದ್ದರೆ ಹತ್ತು ಸೆಕೆಂಡಿನಲ್ಲಿ ಉತ್ತರ ಗುರುತಿಸಿ ಮುಂದೆ ಹೋಗಬಹುದು. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಸಿಬ್ಬಂದಿ ಆಯ್ಕೆ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗಾಗಿ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅವುಗಳಲ್ಲಿ ಇಂಗ್ಲಿಷಿನವು 25. ಇಲ್ಲಿ ಉಳಿಸಿದ ಒಂದೊಂದು ನಿಮಿಷವೂ ಕಷ್ಟದ ಪ್ರಶ್ನೆಗೆ ಸಿಗುತ್ತದೆ.

ಮೊಬೈಲಿನಲ್ಲಿ ಹರಿದಾಡುವ ಸಾವಿರ ನುಡಿಗಟ್ಟುಗಳ ಪಟ್ಟಿಯನ್ನು ಮೊದಲ ಅಕ್ಷರದಿಂದ ಬಾಯಿಪಾಠ ಮಾಡಲು ಹೊರಡಬೇಡಿ. ಅಕ್ಷರಮಾಲೆಯ ಕ್ರಮದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು ಅಕ್ಕಪಕ್ಕ ಬಂದು ಕೂರುತ್ತವೆ. ವಾರ ಕಳೆಯುವಷ್ಟರಲ್ಲಿ ಎಲ್ಲವೂ ಕಲಸಿಹೋಗುತ್ತವೆ. ಚೆನ್ನಾಗಿ ಅರಗಿಸಿಕೊಂಡ ಮುನ್ನೂರು ನುಡಿಗಟ್ಟು ಅರೆಬರೆ ತಿಳಿದ ಸಾವಿರಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆಯಿರಿ. ಎಸ್‌ಎಸ್‌ಸಿ ಮತ್ತು ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಪರೀಕ್ಷೆಗಳಲ್ಲಿ ನುಡಿಗಟ್ಟನ್ನು ಕೊಟ್ಟು ಅರ್ಥವನ್ನು ನೇರವಾಗಿ ಕೇಳುತ್ತಾರೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಅವು ಹೆಚ್ಚಾಗಿ ಗದ್ಯಭಾಗದ ಅಥವಾ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯ ಒಳಗೆ ಅಡಗಿರುತ್ತವೆ. ಕೆಲವು ನುಡಿಗಟ್ಟುಗಳು ಮತ್ತೆ ಮತ್ತೆ ಬಂದಿರುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಸರಿಯುತ್ತರದ ಜೊತೆಗೆ ತಪ್ಪು ಆಯ್ಕೆಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪದಗಳ ನೇರ ಅರ್ಥವನ್ನೇ ಹೇಳುವ ಆಯ್ಕೆಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವಸರದಲ್ಲಿರುವವರು ಬೀಳುವುದು ಅದರ ಮೇಲೆಯೇ.

ಎರಡನೆಯ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ನುಡಿಗಟ್ಟುಗಳನ್ನು ಅವು ಹುಟ್ಟಿದ ಕಸುಬಿನ ಪ್ರಕಾರ ಗುಂಪು ಮಾಡಿ. ಇಂಗ್ಲೆಂಡಿನವರು ಸಮುದ್ರ ಸುತ್ತುವರಿದ ದ್ವೀಪದ ಜನ, ಶತಮಾನಗಳ ಕಾಲ ಹಾಯಿಹಡಗನ್ನು ನಂಬಿ ಬದುಕಿದವರು. ಅವರ ಮಾತಿನಲ್ಲಿ ಹಗ್ಗ, ಹಾಯಿ, ಬಂದರು, ಮೀನು ಧಾರಾಳವಾಗಿವೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಮೀನುಗಾರಿಕೆ ದಕ್ಕೆಯನ್ನು ಕಂಡು ಬೆಳೆದವರಿಗೆ ಈ ಗುಂಪು ಅರ್ಧ ಪರಿಚಿತವೇ. ‘ಟರ್ನ್ ಟರ್ಟಲ್’ ಎಂದರೆ ದೋಣಿ ಮಗುಚುವುದು. ಅಂಗಾತ ಬಿದ್ದ ಆಮೆಯನ್ನು ಕಣ್ಣಮುಂದೆ ತಂದುಕೊಂಡರೆ ಸಾಕು. ‘ನೋ ದ ರೋಪ್ಸ್’ ಎಂದರೆ ಒಂದು ಕೆಲಸದ ಒಳಹೊರಗನ್ನೆಲ್ಲ ಬಲ್ಲವನಾಗಿರುವುದು: ಯಾವ ಹಗ್ಗ ಎಳೆದರೆ ಯಾವ ಹಾಯಿ ಬಿಚ್ಚುತ್ತದೆ ಎಂದು ತಿಳಿದ ನಾವಿಕನಂತೆ. ‘ಆಲ್ ಅಟ್ ಸೀ’ ಎಂದರೆ ಸಮುದ್ರಯಾನವಲ್ಲ, ದಿಕ್ಕು ತೋಚದ ಗಲಿಬಿಲಿ. ‘ಎನಿ ಪೋರ್ಟ್ ಇನ್ ಎ ಸ್ಟಾರ್ಮ್’ ಎಂದರೆ ಕಷ್ಟದಲ್ಲಿ ಸಿಕ್ಕಿದ್ದೇ ಆಸರೆ. ಗಾಳಿಮಳೆ ಜೋರಾದಾಗ ನಮ್ಮ ಬೋಟಿನವರು ಹತ್ತಿರದ ಯಾವ ಬಂದರಾದರೂ ಸರಿ ಎಂದು ನುಗ್ಗುತ್ತಾರಲ್ಲ, ಅದೇ. ‘ಫಿಶ್ ಇನ್ ಟ್ರಬಲ್ಡ್ ವಾಟರ್ಸ್’ ಎಂದರೆ ಇತರರ ಗೊಂದಲದಲ್ಲಿ ತನ್ನ ಲಾಭ ಹುಡುಕುವುದು. ‘ಹ್ಯಾವ್ ಅದರ್ ಫಿಶ್ ಟು ಫ್ರೈ’ ಎಂದರೆ ಇದಕ್ಕಿಂತ ಮುಖ್ಯವಾದ ಬೇರೆ ಕೆಲಸವಿರುವುದು. ‘ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್’ ಕೂಡ ಬಂದರಿನ ಮಾತೇ. ನ್ಯೂಕ್ಯಾಸಲ್ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ರಫ್ತಿನ ಊರಾಗಿತ್ತು; ಅಲ್ಲಿಗೇ ಕಲ್ಲಿದ್ದಲು ಹೊತ್ತರೆ ಮಲ್ಪೆಗೆ ಮೀನು ಮಾರಲು ಹೋದಂತೆ.

ಇನ್ನೊಂದು ಗುಂಪು ಹಕ್ಕಿಗಳದು. ‘ಶೋ ದ ವೈಟ್ ಫೆದರ್’ ಎಂದರೆ ಹೇಡಿತನ ತೋರುವುದು. ಕೋಳಿ ಅಂಕದಲ್ಲಿ ಕಾದುವ ಹುಂಜದ ಬಾಲದಲ್ಲಿ ಬಿಳಿ ಗರಿ ಕಂಡರೆ ಅದು ಕುಲೀನ ತಳಿಯದ್ದಲ್ಲ, ಕಾದಾಡುವುದಿಲ್ಲ ಎಂದು ಅಲ್ಲಿ ನಂಬಿದ್ದರು. ಹುಂಜದ ಬಣ್ಣ ನೋಡಿ ಸೋಲು ಗೆಲುವು ಹೇಳುವ ಕುಕ್ಕುಟ ಪಂಚಾಂಗವಿರುವ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಸೈನ್ಯ ಸೇರದ ಗಂಡಸರಿಗೆ ಬ್ರಿಟನ್ನಿನ ಮಹಿಳೆಯರು ಬೀದಿಯಲ್ಲೇ ಬಿಳಿ ಗರಿ ಕೊಟ್ಟು ನಾಚಿಸುತ್ತಿದ್ದರು. ಅದೇ ಗರಿ ಟೋಪಿಗೆ ಏರಿದರೆ ಅರ್ಥ ತಿರುಗುತ್ತದೆ: ‘ಎ ಫೆದರ್ ಇನ್ ಒನ್ಸ್ ಕ್ಯಾಪ್’ ಎಂದರೆ ಹೆಮ್ಮೆಪಡುವ ಸಾಧನೆ. ಇಂಥ ಎದುರುಬದುರು ಜೋಡಿಗಳನ್ನು ಒಂದೇ ಪುಟದಲ್ಲಿ ಬರೆಯಿರಿ.

ಪುರಾಣ ಮತ್ತು ಚರಿತ್ರೆಯಿಂದ ಬಂದವು ಮೂರನೆಯ ಗುಂಪು. ಯಕ್ಷಗಾನ ನೋಡಿ ಬೆಳೆದವರು ಇಲ್ಲಿ ಸಲೀಸಾಗಿ ನಡೆಯಬಹುದು. ‘ಎಕಿಲೀಸ್ ಹೀಲ್’ ಎಂದರೆ ಬಲಶಾಲಿಯ ಒಂದೇ ಒಂದು ದುರ್ಬಲ ಜಾಗ. ಗ್ರೀಕರ ವೀರ ಎಕಿಲೀಸನನ್ನು ತಾಯಿ ಹಿಮ್ಮಡಿ ಹಿಡಿದು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಮುಳುಗಿಸಿದಳು. ನೀರು ತಾಗದ ಆ ಹಿಮ್ಮಡಿಯೇ ಅವನ ಸಾವಿಗೆ ದಾರಿಯಾಯಿತು. ಗಾಂಧಾರಿಯ ದೃಷ್ಟಿ ಬೀಳದೆ ಉಳಿದ ದುರ್ಯೋಧನನ ತೊಡೆಯ ಕಥೆ ಗೊತ್ತಿರುವವರು ಇದನ್ನು ಮರೆಯುವುದು ಸಾಧ್ಯವೇ? ‘ಪಿರಿಕ್ ವಿಕ್ಟರಿ’ ಸೋಲಿನಷ್ಟೇ ದುಬಾರಿಯಾದ ಗೆಲುವು. ಕ್ರಿಸ್ತಪೂರ್ವ 279ರಲ್ಲಿ ಎಪಿರಸ್ಸಿನ ರಾಜ ಪಿರಸ್ ರೋಮನ್ನರನ್ನು ಗೆದ್ದನಾದರೂ ತನ್ನ ನಂಬಿಗಸ್ತ ಸರದಾರರನ್ನು ಕಳೆದುಕೊಂಡ. ‘ಮೀಟ್ ಒನ್ಸ್ ವಾಟರ್ಲೂ’ ಎಂದರೆ ಮತ್ತೆ ಏಳಲಾಗದಂತೆ ಸೋಲುವುದು; 1815ರಲ್ಲಿ ನೆಪೋಲಿಯನ್‌ಗೆ ಆದದ್ದು. ‘ಕ್ರಾಸ್ ದ ರೂಬಿಕಾನ್’ ಹಿಂದೆ ಬರಲಾಗದ ಹೆಜ್ಜೆ ಇಡುವುದು. ಜೂಲಿಯಸ್ ಸೀಸರ್ ಸೈನ್ಯದೊಂದಿಗೆ ದಾಟಿದ ನದಿಯ ಹೆಸರು ಅದು. ‘ಸ್ಟೀಲ್ ಸಮ್‌ಒನ್ಸ್ ಥಂಡರ್’ ಎಂದರೆ ಇನ್ನೊಬ್ಬರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ತಾನು ಕಸಿದುಕೊಳ್ಳುವುದು. 1709ರಲ್ಲಿ ಲಂಡನ್ನಿನ ನಾಟಕಕಾರ ಜಾನ್ ಡೆನ್ನಿಸ್ ತನ್ನ ನಾಟಕಕ್ಕಾಗಿ ಗುಡುಗಿನ ಸದ್ದು ಮಾಡುವ ಹೊಸ ಉಪಾಯ ಕಂಡುಹಿಡಿದ. ನಾಟಕ ಓಡಲಿಲ್ಲ, ರಂಗಮಂದಿರದವರು ಅವನ ಗುಡುಗನ್ನು ಮಾತ್ರ ಬೇರೆ ನಾಟಕಕ್ಕೆ ಬಳಸಿಕೊಂಡರು.

ಈಗ ಕನ್ನಡದೊಂದಿಗೆ ಜೋಡಿಸಿ. ‘ಕ್ರೋಕೊಡೈಲ್ ಟಿಯರ್ಸ್’ ಮೊಸಳೆ ಕಣ್ಣೀರು. ‘ಬೈಟ್ ದ ಡಸ್ಟ್’ ಮಣ್ಣುಮುಕ್ಕುವುದು. ‘ಎ ಬೋಲ್ಟ್ ಫ್ರಮ್ ದ ಬ್ಲೂ’ ಬರಸಿಡಿಲು. ‘ಎ ಡ್ರಾಪ್ ಇನ್ ದಿ ಓಷನ್’ ಎಂದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇವಕ್ಕೆ ಹೆಚ್ಚು ಹೊತ್ತು ಬೇಡ.

ಕನ್ನಡವೇ ದಾರಿ ತಪ್ಪಿಸುವ ಕಡೆ ಎಚ್ಚರವಿರಲಿ. ‘ಪುಲ್ ಸಮ್‌ಒನ್ಸ್ ಲೆಗ್’ ಬರೀ ತಮಾಷೆಗೆ ಕೀಟಲೆ ಮಾಡುವುದು. ನಮ್ಮಲ್ಲಿ ಕಾಲೆಳೆಯುವುದು ಎಂದರೆ ಏಳಿಗೆಗೆ ಅಡ್ಡಗಾಲು ಹಾಕುವುದೂ ಹೌದು. ಆ ಅರ್ಥದ ಆಯ್ಕೆಯನ್ನು ಕಂಡು ಮೋಸಹೋಗಬೇಡಿ. ‘ಟೇಕ್ ಟು ಟಾಸ್ಕ್’ ಎಂದರೆ ತರಾಟೆಗೆ ತೆಗೆದುಕೊಳ್ಳುವುದು, ಕೆಲಸ ವಹಿಸಿಕೊಳ್ಳುವುದಲ್ಲ. ‘ಟರ್ನ್ ಓವರ್ ಎ ನ್ಯೂ ಲೀಫ್’ನಲ್ಲಿ ಇರುವುದು ಮರದ ಎಲೆಯಲ್ಲ, ಪುಸ್ತಕದ ಹಾಳೆ, ಅರ್ಥ, ಹಳೆಯದನ್ನು ಬಿಟ್ಟು ಹೊಸದಾಗಿ, ಒಳ್ಳೆಯದಾಗಿ ಬದುಕತೊಡಗುವುದು. ‘ಬರ್ನ್’ ಎಂದು ಶುರುವಾಗುವವು ಇನ್ನೂ ತೊಡಕು. ‘ಮಿಡ್‌ನೈಟ್ ಆಯಿಲ್’ ಉರಿಸಿದರೆ ತಡರಾತ್ರಿಯವರೆಗೆ ಓದುವುದು, ‘ಕ್ಯಾಂಡಲ್ ಅಟ್ ಬೋತ್ ಎಂಡ್ಸ್’ ಆದರೆ ಹಗಲೂ ರಾತ್ರಿ ದುಡಿದು ಸೊರಗುವುದು, ‘ಬೋಟ್ಸ್’ ಸುಟ್ಟರೆ ಮರಳುವ ದಾರಿ ಮುಚ್ಚಿಕೊಳ್ಳುವುದು, ‘ಫಿಂಗರ್ಸ್’ ಸುಟ್ಟುಕೊಂಡರೆ ದುಡುಕಿ ನಷ್ಟ ಅನುಭವಿಸುವುದು.

ಪ್ರತಿಯೊಂದಕ್ಕೂ ಸ್ವಂತ ಇಂಗ್ಲಿಷ್ ವಾಕ್ಯ ಬರೆಯಿರಿ, ನಿಮ್ಮ ಊರಿನದೇ ಸಂಗತಿ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ದಕ್ಕೆಯ ವ್ಯಾಪಾರ ‘ಇನ್ ದ ಡೋಲ್ಡ್ರಮ್ಸ್’, ಅಂದರೆ ಮಂಕು ಕವಿದ ಸ್ಥಿತಿಯಲ್ಲಿರುತ್ತದೆ. ಸಮಭಾಜಕದ ಬಳಿ ಗಾಳಿಯಾಡದೆ ಹಾಯಿಹಡಗುಗಳು ನಿಂತುಬಿಡುತ್ತಿದ್ದ ಕಡಲಪಟ್ಟಿಗೂ ಅದೇ ಹೆಸರು. ವ್ಯಾಕರಣ ತಪ್ಪಾದೀತೆಂದು ಬರೆಯದೆ ಇರಬೇಡಿ. ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ದಿನಕ್ಕೆ ಎಂಟು ಹೊಸತು ಸಾಕು. ಕಲಿತದ್ದನ್ನು ಮರುದಿನ, ಮೂರನೆಯ ದಿನ, ವಾರದ ಬಳಿಕ, ತಿಂಗಳ ಬಳಿಕ ಅರ್ಥ ಮುಚ್ಚಿಟ್ಟು ಪರೀಕ್ಷಿಸಿಕೊಳ್ಳಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ತರಗತಿಗೆ ಹೋಗಿಬರುವವರಿಗೆ ಪುನರಾವರ್ತನೆಗೆ ಆ ಹೊತ್ತೇ ಧಾರಾಳ. ಪರೀಕ್ಷೆಯ ಕೊನೆಯ ವಾರ ಹೊಸದನ್ನು ಮುಟ್ಟದೆ, ತಪ್ಪಿದವುಗಳನ್ನಷ್ಟೇ ನೋಡಿ.

ಪರೀಕ್ಷಾ ಕೊಠಡಿಯಲ್ಲಿ ಗೊತ್ತಿಲ್ಲದ ನುಡಿಗಟ್ಟು ಎದುರಾದರೆ ನೇರ ಅರ್ಥದ ಆಯ್ಕೆಯನ್ನು ಮೊದಲು ಹೊಡೆದುಹಾಕಿ. ವಾಕ್ಯ ಕೊಟ್ಟಿದ್ದರೆ ಅದು ಹೊಗಳಿಕೆಯೋ ತೆಗಳಿಕೆಯೋ ನೋಡಿ. ಇನ್ನೊಂದು ಆಯ್ಕೆಯೂ ಉದುರುತ್ತದೆ. ಸಿಜಿಎಲ್ ಮೊದಲ ಹಂತದಲ್ಲಿ ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಎರಡೇ ಆಯ್ಕೆ ಉಳಿದಾಗ ಊಹಿಸುವುದು ಲಾಭದ ಲೆಕ್ಕವೇ. ಸಿಡಿಎಸ್‌ನಲ್ಲಿ ತಪ್ಪಿಗೆ ಆ ಪ್ರಶ್ನೆಯ ಅಂಕದಲ್ಲಿ ಮೂರನೇ ಒಂದು ಭಾಗ ಕಡಿತವಾಗುವುದರಿಂದ ಒಂದೂ ಆಯ್ಕೆ ಉದುರದಿದ್ದರೆ ಗುರುತು ಹಾಕದೆ ಮುಂದಿನ ಪ್ರಶ್ನೆಗೆ ಹೋಗಿ.