ದೊಡ್ಡಪ್ಪನ ಹಾರ್ಡ್ ಡಿಸ್ಕ್‌ನಿಂದ ಸೋಬಾನೆ ಪದಗಳನ್ನು ಹೊರತೆಗೆದದ್ದು

ದೊಡ್ಡಪ್ಪನ ಲ್ಯಾಪ್‌ಟಾಪ್ ಆನ್ ಆಗುತ್ತಿತ್ತು, ಆದರೆ ವಿಂಡೋಸ್ ಬರುತ್ತಿರಲಿಲ್ಲ. ಪ್ರತಿ ಸಲವೂ ಡಿಸ್ಕ್ ರಿಪೇರಿ ಆಗುತ್ತಿದೆ ಅನ್ನುವ ಸಾಲು ಬಂದು ಅಲ್ಲೇ ನಿಂತುಬಿಡುತ್ತಿತ್ತು. ಫೋನ್‌ನಲ್ಲಿ ಇಷ್ಟು ಕೇಳಿದ ಕೂಡಲೇ, "ಆಫ್ ಮಾಡಿ ಇಟ್ಟುಬಿಡಿ ದೊಡ್ಡಪ್ಪ, ಮತ್ತೆ ಆನ್ ಮಾಡಲೇಬೇಡಿ" ಅಂದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನಾದ್ದರಿಂದ ಇಂಥ ಡಿಸ್ಕ್‌ಗಳು ನನ್ನ ಕೈಗೆ ಆಗಾಗ ಬರುತ್ತವೆ. ಆದರೆ ಇದರಲ್ಲಿ ಇದ್ದದ್ದು ಅವರು ಊರೂರು ತಿರುಗಿ ಬರೆದುಕೊಂಡ ಸೋಬಾನೆ ಪದಗಳು. ಹಾಡಿದ ಅಜ್ಜಿಯರಲ್ಲಿ ಹಲವರು ಈಗ ಇಲ್ಲ. ಮತ್ತೆ ಹೋಗಿ ಕೇಳಿ ಬರೆಯೋಣ ಅನ್ನುವ ಹಾಗಿಲ್ಲ.

ವಿಂಡೋಸ್ ತಾನಾಗಿ ಮಾಡುವ ರಿಪೇರಿ ಒಳ್ಳೆಯದೇ ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಡಿಸ್ಕ್ ಗಟ್ಟಿಯಾಗಿದ್ದಾಗ ಒಳ್ಳೆಯದೇ. ಆದರೆ ಆ ರಿಪೇರಿ ನೋಡುವುದು ಫೈಲ್ ಪಟ್ಟಿಯ ಲೆಕ್ಕ ಸರಿಹೋಯಿತೇ ಎಂದು ಮಾತ್ರ, ನಮ್ಮ ಫೈಲ್ ಉಳಿಯಿತೇ ಎಂದಲ್ಲ. ಓದಲಾಗದ ದಾಖಲೆಯನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು. ಸಾಯುತ್ತಿರುವ ಡಿಸ್ಕ್ ಮೇಲೆ ಏನನ್ನೂ ಬರೆಯಬಾರದು. ರಿಕವರಿ ಸಾಫ್ಟ್‌ವೇರ್ ಅನ್ನು ಅದೇ ಡಿಸ್ಕ್‌ಗೆ ಹಾಕುವುದಂತೂ ಬೇಡವೇ ಬೇಡ.

ಮೊದಲು ಕಿವಿಗೊಟ್ಟು ಕೇಳಿದೆ. ಟಕ್ ಟಕ್ ಎಂಬ ಸದ್ದಿದ್ದರೆ ನಾನು ಕೈಯನ್ನೇ ಹಾಕುತ್ತಿರಲಿಲ್ಲ. ಅದು ಹೆಡ್, ಅಂದರೆ ಡಿಸ್ಕ್‌ನೊಳಗೆ ತಿರುಗುವ ತಟ್ಟೆಯಿಂದ ಮಾಹಿತಿ ಓದುವ ಭಾಗ, ಕೆಟ್ಟಿರುವ ಲಕ್ಷಣ. ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದರ ಲೆಕ್ಕದಲ್ಲಿ ನಮ್ಮ ಮನೆಯ ಧೂಳಿನ ಕಣ ದೊಡ್ಡ ಬಂಡೆ. ಅಂಥ ಡಿಸ್ಕ್ ಬಿಚ್ಚುವ ಕೆಲಸ ಕ್ಲೀನ್ ರೂಮ್ ಇರುವ ಲ್ಯಾಬ್‌ನವರದು. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಒಳಗೆ ತೇವ ಕಟ್ಟಿದರೆ ಉಳಿದದ್ದೂ ಹೋಗುತ್ತದೆ. ಇದರಲ್ಲಿ ಅಂಥ ಸದ್ದಿರಲಿಲ್ಲ, ತಟ್ಟೆ ಒಂದೇ ಸಮನೆ ತಿರುಗುತ್ತಿತ್ತು.

500 ಜಿಬಿಯ ಎರಡೂವರೆ ಇಂಚಿನ ಡಿಸ್ಕ್. ಬಿಚ್ಚಿ ನನ್ನ ಡೆಸ್ಕ್‌ಟಾಪ್‌ನ ಸಾಟಾ ಪೋರ್ಟ್‌ಗೇ ನೇರವಾಗಿ ಹಾಕಿದೆ. ಯುಎಸ್‌ಬಿ ಕೇಸ್‌ನಲ್ಲಿ ಹಾಕಿದರೆ, ಕೆಟ್ಟ ಜಾಗ ಬಂದಾಗ ಆ ಕೇಸ್‌ನ ಚಿಪ್ಪೇ ಹ್ಯಾಂಗ್ ಆಗುವುದುಂಟು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದೆ, ಡಿಸ್ಕನ್ನು ಮೌಂಟ್ ಮಾಡಲಿಲ್ಲ, ಅಂದರೆ ಅದರ ಫೈಲ್‌ಗಳನ್ನು ತೆರೆಯುವ ಹಾಗೆ ಜೋಡಿಸಲಿಲ್ಲ. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದರೆ 197ನೇ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕದಲ್ಲಿ, ನೂರಾರು ಇತ್ತು. ಒಳ್ಳೆಯ ಡಿಸ್ಕ್‌ನಲ್ಲಿ ಅಲ್ಲಿ ಸೊನ್ನೆ ಇರಬೇಕು.

ಇಂಥ ಕಡೆ ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ ಒಂದನ್ನೇ. ಉಚಿತ ಸಾಫ್ಟ್‌ವೇರ್, ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದದ್ದು. ಇದು ಫೈಲ್ ಯಾವುದು ಎಂದು ನೋಡುವುದಿಲ್ಲ, ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಹಾಗೇ ನಕಲು ಮಾಡುತ್ತದೆ. ಇದರ ಜಾಣತನ ಇರುವುದು ಕ್ರಮದಲ್ಲಿ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರುವುದಿಲ್ಲ, ಗುರುತು ಹಾಕಿ ಮುಂದೆ ಹಾರುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಕೆಟ್ಟ ಜಾಗಗಳ ಅಂಚಿಗೆ ಬಂದು, ಕೊನೆಗೆ ಸೆಕ್ಟರ್ ಸೆಕ್ಟರ್ ಕೆರೆಯುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ಡಿಸ್ಕ್ ಬಿಸಿಯಾದಾಗೆಲ್ಲ ನಿಲ್ಲಿಸಿ, ತಣ್ಣಗಾದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದೆ. ಮೊದಲ ಸುತ್ತಿನಲ್ಲಿ ಕೆರೆಯುವುದು ಬೇಡ ಎಂಬ ಆಯ್ಕೆ ಕೊಟ್ಟಿದ್ದೆ. ಇನ್ನೊಂದು ಸುತ್ತು ಹಿಂದಿನಿಂದ ಮುಂದಕ್ಕೆ ಓದಿಸಿದೆ. ಮುಂದಿನಿಂದ ಹೋದಾಗ ಬಾರದ್ದು ಕೆಲವೊಮ್ಮೆ ಹಿಂದಿನಿಂದ ಬಂದರೆ ಸಿಗುತ್ತದೆ. ಕೆರೆಯುವ ಸುತ್ತು ಕಡೆಗೆ.

ನಕಲು ಇಳಿಸಲು 1 ಟಿಬಿ ಡಿಸ್ಕ್ ಇಟ್ಟಿದ್ದೆ. ನಕಲು ಒಂದೇ ದೊಡ್ಡ ಇಮೇಜ್ ಫೈಲ್ ಆಗಿ ಇಳಿಯುತ್ತದೆ. ಹಾಗಾಗಿ ಆ ಡಿಸ್ಕ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಶೇಕಡಾ 99ಕ್ಕೂ ಜಾಸ್ತಿ ಬಂತು. ಆದರೆ ಉಳಿದ ಒಂಚೂರು ಎಲ್ಲಿ ಹೋಯಿತು ಅನ್ನುವುದೇ ಮುಖ್ಯ. ಇಲ್ಲಿ ಹೋದದ್ದು ವಿಂಡೋಸ್‌ನ ಫೈಲ್ ಪಟ್ಟಿ ಇರುವ ಜಾಗ. ಆ ಪಟ್ಟಿಯಲ್ಲಿ ಒಂದು ಫೈಲ್‌ನ ದಾಖಲೆ ಸಾಮಾನ್ಯವಾಗಿ 1024 ಬೈಟ್. ಈ ಡಿಸ್ಕ್‌ನ ಸೆಕ್ಟರ್ 4096 ಬೈಟ್. ಒಂದು ಸೆಕ್ಟರ್ ಹೋದರೆ ನಾಲ್ಕು ದಾಖಲೆ ಹೋದವು. ಪಟ್ಟಿಗೆ ಒಂದು ಮೀಸಲು ಪ್ರತಿ ಇರುತ್ತದೆ ನಿಜ, ಆದರೆ ಅದರಲ್ಲಿರುವುದು ಮೊದಲ ನಾಲ್ಕು ದಾಖಲೆ ಮಾತ್ರ. ಟೆಸ್ಟ್‌ಡಿಸ್ಕ್ ಎಂಬ ರಿಕವರಿ ಸಾಫ್ಟ್‌ವೇರ್‌ನಲ್ಲಿ ಆ ಇಮೇಜ್ ತೆರೆದಾಗ ಫೋಟೋ ಫೋಲ್ಡರ್ ಸಿಕ್ಕಿತು. ಹಾಡಿನ ಫೋಲ್ಡರ್ ಸಿಗಲಿಲ್ಲ.

"ಫೋಟೋ ಹೋದ್ರೆ ಹೋಗ್ಲಿ ಕಣೋ, ಹಾಡು ಸಿಕ್ರೆ ಸಾಕು" ಅಂದರು ದೊಡ್ಡಪ್ಪ.

ಇನ್ನು ಉಳಿದದ್ದು ಫೋಟೋರೆಕ್. ಹೆಸರು ಫೋಟೋ ಎಂದಿದ್ದರೂ ಇದು ಬಹಳ ಬಗೆಯ ಫೈಲ್ ಹುಡುಕುತ್ತದೆ. ಪಟ್ಟಿಯನ್ನು ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲ್‌ನ ಶುರುವಿನ ಬೈಟ್‌ಗಳನ್ನು ಗುರುತಿಸಿ ಎತ್ತಿಕೊಡುತ್ತದೆ. ಮೊದಲಿದ್ದ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಹೊಸ ಹೆಸರೆಂದರೆ ಒಂದು ಅಕ್ಷರ, ಮುಂದೊಂದು ಉದ್ದದ ಅಂಕಿ, ಅಷ್ಟೇ. ಹಾಗೆ ಸಾವಿರಾರು ವರ್ಡ್ ಫೈಲ್ ಬಂದು ಬಿದ್ದವು. ಶಾಲೆಯ ಸುತ್ತೋಲೆ, ಪ್ರಶ್ನೆಪತ್ರಿಕೆ, ಮದುವೆ ಕರೆಯೋಲೆ ಎಲ್ಲ ಸೇರಿ. ಇದರಲ್ಲಿ ಹಾಡು ಎಲ್ಲಿ?

ಕನ್ನಡದ ಹಳೆ ಫೈಲ್ ಇದ್ದವರಿಗೆ ಇಲ್ಲೇ ತೊಡಕು. ದೊಡ್ಡಪ್ಪ ಟೈಪ್ ಮಾಡಿದ್ದು ಹಳೆಯ ನುಡಿ ತಂತ್ರಾಂಶದಲ್ಲಿ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಲ್ಲ. ಕಣ್ಣಿಗೆ ಕನ್ನಡ ಕಂಡರೂ ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. 'ಕನ್ನಡ' ಅನ್ನುವ ಪದ ಅಲ್ಲಿ ಇಂಗ್ಲಿಷಿನ ದೊಡ್ಡ 'ಪಿ'ಯಿಂದ ಶುರುವಾಗುತ್ತದೆ. 'ಸೋಬಾನೆ' ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ, ಫೈಲ್ ಎದುರಿಗೇ ಇದ್ದರೂ.

ಹಾಗಾಗಿ ಮೊದಲು ಫಾಂಟ್ ಹೆಸರನ್ನು ಹುಡುಕಿದೆ. ಹಳೆ ವರ್ಡ್ ಫೈಲ್ ತನ್ನಲ್ಲಿ ಬಳಸಿದ ಫಾಂಟ್‌ಗಳ ಹೆಸರನ್ನು ಇಂಗ್ಲಿಷ್‌ನಲ್ಲೇ ಬರೆದಿಟ್ಟಿರುತ್ತದೆ, ಪ್ರತಿ ಅಕ್ಷರದ ಆಮೇಲೆ ಒಂದು ಸೊನ್ನೆ ಬೈಟ್ ಇಟ್ಟು. ಆ ರೂಪದಲ್ಲಿ 'ನುಡಿ' ಫಾಂಟ್ ಹುಡುಕಿದಾಗ ಕನ್ನಡದ ಫೈಲ್‌ಗಳೆಲ್ಲ ಬೇರೆಯಾದವು. ಆಮೇಲೆ ದೊಡ್ಡಪ್ಪನಿಂದ ಒಂದಿಷ್ಟು ಪದ ಕೇಳಿ ತಿಳಿದುಕೊಂಡೆ: ಸೋಬಾನೆ, ಹಸೆ, ಆರತಿ, ಮದುವಣಗಿತ್ತಿ. ಅವನ್ನು ಪರಿವರ್ತಕದಲ್ಲಿ ಹಾಕಿ ನುಡಿಯ ರೂಪಕ್ಕೆ ತಂದು ಹುಡುಕಿದೆ. ವರ್ಡ್ ಫೈಲ್ ಪಠ್ಯವನ್ನು ಒಂದು ಬೈಟ್ ಲೆಕ್ಕದಲ್ಲೂ ಇಟ್ಟಿರಬಹುದು, ಎರಡು ಬೈಟ್ ಲೆಕ್ಕದಲ್ಲೂ ಇಟ್ಟಿರಬಹುದು. ಅದಕ್ಕೆ ಪ್ರತಿ ಪದವನ್ನೂ ಎರಡು ಬಗೆಯಲ್ಲಿ ಹುಡುಕಬೇಕಾಯಿತು. ಮೊದಲು ಸಿಕ್ಕಿದ್ದು 'ಹಸೆ'. ತೆರೆದರೆ ಪೂರ್ತಿ ಹಾಡು, ಕೆಳಗೆ ಹಾಡಿದವರ ಹೆಸರು, ಊರು. ನನಗೆ ಕೈ ನಡುಗಿತು.

ಹಾಡುಗಳಲ್ಲಿ ಹೆಚ್ಚಿನವು ಬಂದವು. ಕೆಲವು ಅರ್ಧಕ್ಕೇ ತುಂಡಾಗಿವೆ. ಡಿಸ್ಕ್‌ನಲ್ಲಿ ಚೂರು ಚೂರಾಗಿ ಹರಡಿದ್ದ ಫೈಲ್‌ಗಳನ್ನು ಫೋಟೋರೆಕ್ ಸರಿಯಾಗಿ ಜೋಡಿಸಲಾರದು. ಈಗ ಎಲ್ಲವನ್ನೂ ಯೂನಿಕೋಡ್‌ಗೆ ತರುತ್ತಿದ್ದೇವೆ. ಅರ್ಕಾವತ್ತಿನ ಕಡೆ ಕಣ್ಣಿಡಬೇಕು. ನುಡಿಯಲ್ಲಿ ಅದು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಆಮೇಲೆ ಇರುತ್ತದೆ; ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅಲ್ಲಲ್ಲಿ ಎಡವುತ್ತದೆ. ನಾನು ಕಳಿಸಿದ ಪ್ರತಿಗಳನ್ನು ದೊಡ್ಡಪ್ಪ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಾರೆ. ತುಂಡಾದ ಹಾಡುಗಳ ಉಳಿದ ಸಾಲುಗಳನ್ನು ಬಾಯಿಪಾಠ ಇದ್ದಷ್ಟು ಅಂಚಿನಲ್ಲೇ ಬರೆದು ಕಳಿಸುತ್ತಾರೆ.